ಸಿದ್ದಾಪುರದ ಹಂದಿಗಳಿಗೆ ಬಂದ ಮುಯ್ಯಾಳುಗಳು

ಪಶುಪಾಲನಾ ಇಲಾಖೆಯಲ್ಲಿ ಹಂದಿಗಿರುವ ಸ್ಥಾನ ಊರಿನಲ್ಲಿ ಅದಕ್ಕಿರುವ ಸ್ಥಾನವೇ. ತಿಂಗಳ ವರದಿಯಲ್ಲಿ ಆಕಳು ಎಮ್ಮೆಗಳು ಮೊದಲು ಬರುತ್ತವೆ, ಕುರಿ ಮೇಕೆಗಳು ನಡುವೆ, ಕೋಳಿ ಕೊನೆಗೆ. ಹಂದಿಯು ‘ಇತರೆ’ ಎಂಬ ಕಾಲಮ್ಮಿನಲ್ಲಿ ಇರುತ್ತದೆ. ನನ್ನ ಸೇವೆಯ ಬಹುಭಾಗ ಈ ‘ಇತರೆ’ಯಲ್ಲೇ ಕಳೆಯಿತು. ನಿವೃತ್ತಿಯ ದಿನ ಹಾರ ಹಾಕಿದವರು, ನಾನು ಮೂಕಪ್ರಾಣಿಗಳ ಸೇವೆ ಮಾಡಿದೆನೆಂದು ಭಾಷಣ ಮಾಡಿದರು. ಹಂದಿಯ ಹತ್ತಿರದ ಪರಿಚಯವಿದ್ದವರು ಯಾರೂ ಅದನ್ನು ಮೂಕಪ್ರಾಣಿ ಎನ್ನಲಾರರು.

ಈಗ ಇಲಾಖೆಗೆ ಸೇರುತ್ತಿರುವ ಹೊಸ ಡಾಕ್ಟರುಗಳಿಗೆ ಉಪಯೋಗವಾದರೆ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಕೇಳಬೇಡಿ. ಎರಡು ಸಲ ಬಂತು. ಎರಡು ಸಲವೂ ಹೊಸ ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು.

ಕುಷ್ಟಗಿ ತಾಲೂಕಿನ ಹನುಮಸಾಗರದಲ್ಲಿ ನನ್ನ ಮೊದಲ ನೇಮಕ. ಅಲ್ಲಿ ಕುರಿ ಎಮ್ಮೆಗಳ ನಡುವೆ ಕೆಲವು ವರ್ಷ ಕಳೆದು, ಸರ್ವಜ್ಞನಾದೆನೆಂಬ ಭಾವನೆಯೊಂದಿಗೆ ಗಂಗಾವತಿಗೆ ವರ್ಗವಾಗಿ ಬಂದೆ. ಬಂದ ವಾರವೇ ಸಿದ್ದಾಪುರದಿಂದ ಕರೆ. ದುರ್ಗವ್ವ ಎಂಬ ಹೆಣ್ಣುಮಗಳ ಹಂದಿಮರಿಗಳಿಗೆ ಬೇಧಿ. ದುರ್ಗವ್ವ ಆಗ ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದಳು. ಕಾಲುವೆಯ ಬದಿಯಲ್ಲಿ ಒಂದೇ ಒಂದು ತಾಯಿಹಂದಿ ಸಾಕಿಕೊಂಡಿದ್ದಳು. ನಾನು ನೇರವಾಗಿ ಒಳಗೆ ಹೋಗಿ ಒಂದು ಮರಿಯ ಹಿಂಗಾಲು ಹಿಡಿದು ಎತ್ತಿದೆ. ಮರಿ ಕಿರುಚಿತು. ಆಮೇಲಿನದು ಕ್ರಮವಾಗಿ ನೆನಪಿಲ್ಲ. ನೆನಪಿರುವುದು ಇಷ್ಟು: ನಾನು ನೀರಿನ ತೊಟ್ಟಿಯ ಗೋಡೆಯ ಮೇಲೆ ನಿಂತಿದ್ದೆ, ಕೆಳಗೆ ತಾಯಿಹಂದಿ ನಿಂತಿತ್ತು, ಅದರ ಬಾಯಲ್ಲಿ ಸರಕಾರದ ಔಷಧಿ ಚೀಲವಿತ್ತು.

“ಡಾಕ್ಟ್ರ, ಅಲ್ಲೇ ಇರ್ರಿ, ಇಳೀಬ್ಯಾಡ್ರಿ,” ಎಂದಳು ದುರ್ಗವ್ವ. ಇಳಿಯುವ ವಿಚಾರ ನನಗೂ ಇರಲಿಲ್ಲ. “ಮರಿ ಕೂಗಿದ್ದು ತಾಯಿ ಕಿವಿಗಿ ಬೀಳಬಾರ್ದ್ರಿ. ಮೊದಲ ತಾಯಿನ್ನ ತೌಡು ತೋರಿಸಿ ಆ ಕಡಿ ಕರಕೊಂಡು ಹೋಗಬೇಕು, ಆಮ್ಯಾಲೆ ಮರಿ ಮುಟ್ಟಬೇಕು. ನಿಮ್ಮ ಸಾಲ್ಯಾಗ ಹೇಳಿಲ್ಲೇನ್ರಿ?”

ನಮ್ಮ ಸಾಲೆಯಲ್ಲಿ ಹೇಳಿರಲಿಲ್ಲ. ಹಂದಿಯ ಜಠರದಲ್ಲಿ ಯಾವ ಯಾವ ರಸಗಳಿವೆ ಎಂಬುದನ್ನು ಹೇಳಿದ್ದರು.

ಚೀಲ ನಷ್ಟವಾದ ಬಗ್ಗೆ ವರದಿ ಬರೆದು ಕೊಪ್ಪಳಕ್ಕೆ ಒಯ್ದೆ. ಅಲ್ಲಿಯ ನಮ್ಮ ಮೇಲಧಿಕಾರಿಗಳು ನಿವೃತ್ತಿಯ ಹೊಸ್ತಿಲಲ್ಲಿದ್ದವರು, ಇಡೀ ವರದಿಯನ್ನು ಕನ್ನಡಕ ಏರಿಸಿ ಓದಿದರು. “ವೈದ್ಯರು ತೊಟ್ಟಿ ಮ್ಯಾಲೆ ಹತ್ತಿದರು ಅಂತ ಬರದೀರಲ್ಲ, ಅದನ್ನ ತಗೀರಿ. ‘ಎತ್ತರದ ಸ್ಥಳದಿಂದ ಪರಿಶೀಲಿಸಲಾಯಿತು’ ಅಂತ ಬರೀರಿ.” ಬರೆದೆ. ಹೊರಡುವಾಗ ಅವರೇ ಹೇಳಿದರು: “ಪ್ರಾಣಿ ಮುಟ್ಟೂ ಮುಂಚೆ ಒಂದು ಚಾ ಕುಡಿಯೂವಷ್ಟು ಹೊತ್ತು ಸುಮ್ನ ನೋಡ್ರಿ. ಅರ್ಧ ರೋಗ ಅಷ್ಟರಾಗ ಕಾಣ್ತೈತಿ. ಉಳಿದರ್ಧ ಸಾಕಿದವರನ್ನ ಕೇಳ್ರಿ.” ನನ್ನ ಇಡೀ ಸೇವೆಯಲ್ಲಿ ಯಾವ ಮೇಲಧಿಕಾರಿಯೂ ಇದಕ್ಕಿಂತ ಚಿಕ್ಕ ಸುತ್ತೋಲೆ ಹೊರಡಿಸಲಿಲ್ಲ, ಇದಕ್ಕಿಂತ ಉಪಯುಕ್ತವಾದದ್ದನ್ನೂ ಹೊರಡಿಸಲಿಲ್ಲ.

ಗಂಗಾವತಿ ಭಾಗ ಹಂದಿಗೆ ಅನುಕೂಲದ ನಾಡು. ಅಕ್ಕಿ ಗಿರಣಿಗಳಿಂದ ತೌಡು, ಖಾನಾವಳಿಗಳಿಂದ ಮುಸುರೆ. ಹಂಪಿಯ ಎದುರಿನ ವಿರೂಪಾಪುರಗಡ್ಡೆಯಲ್ಲಿ ಪರದೇಶದ ಪ್ರವಾಸಿಗರ ಹೋಟೆಲುಗಳು ನಡೆದಷ್ಟು ಕಾಲ ಆ ಕಡೆಯ ಹಂದಿಗಳು ಬೆಣ್ಣೆ ಹಚ್ಚಿದ ಬ್ರೆಡ್ಡು ತಿಂದು, ನಮ್ಮಲ್ಲಿ ಅನೇಕರಿಗೆ ಹೆಸರು ಬಾರದ ಚೀಜುಗಳ ರುಚಿ ಕಂಡವು. ನಾನು ಊರೂರು ತಿರುಗಿ “ಮುಸುರೆ ಕುದಿಸಿ ಹಾಕಿರಿ” ಎಂದು ಹೇಳಿದೆ. ಕುದಿಸಿದವರಲ್ಲಿ ದುರ್ಗವ್ವ ಮೊದಲಿಗಳು. ಅವಳ ಹಂದಿಗಳಿಗೆ ರೋಗ ಬರಲಿಲ್ಲ. ಒಂದು ತಾಯಿ ಆರು ತಾಯಂದಿರಾದವು. ಕಾಲುವೆ ಬದಿಯ ಗುಡಿಸಲು ಹೋಗಿ ಸಿಮೆಂಟು ನೆಲದ ಸಾಲು ಕೋಣೆಗಳಾದವು. ಪಕ್ಕದ ಗದ್ದೆಯವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಬಿತ್ತನೆ ಕಾಲಕ್ಕೆ ಗೊಬ್ಬರ ಕೇಳಲು ಮೂಗು ಬಿಟ್ಟು ಬರುತ್ತಿದ್ದರು.

ಆಮೇಲೆ ಗಂಗಾವತಿಯ ಹೊರಗೆ ಖಾಸಗಿಯವರೊಬ್ಬರು ಹಂದಿಮಾಂಸದ ಘಟಕ ತೆರೆದರು. ಅದಕ್ಕೂ ಮೊದಲು ಹೊರಗಿನ ವ್ಯಾಪಾರಿ ಲಾರಿ ತಂದು, ಕಣ್ಣಳತೆಯಲ್ಲಿ ಬೆಲೆ ಹೇಳಿ ತುಂಬಿಕೊಂಡು ಹೋಗುತ್ತಿದ್ದ; ಅವನ ಕಣ್ಣು ಯಾವಾಗಲೂ ಸಣ್ಣದೇ ಇತ್ತು. ಘಟಕದಲ್ಲಿ ತಕ್ಕಡಿ ಬಂತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದಲೂ ಹಂದಿ ಬರತೊಡಗಿದವು. ಪ್ರತಿ ಹಂದಿಯನ್ನೂ ಜೀವಂತ ಇರುವಾಗ ಒಮ್ಮೆ, ಮಾಂಸವಾದ ಮೇಲೆ ಒಮ್ಮೆ ಪರೀಕ್ಷಿಸಿ ನೀಲಿ ಮುದ್ರೆ ಒತ್ತಲು ನನ್ನನ್ನು ನಿಯೋಜಿಸಿದರು. ಗಂಭೀರವಾದ ಕೆಲಸ. ನನ್ನ ಅಂಗಿಗಳಲ್ಲಿ ನೀಲಿ ಕಲೆಯಿಲ್ಲದ್ದು ಒಂದೂ ಉಳಿಯಲಿಲ್ಲ.

ಅಲ್ಲಿ ಪರಿಚಯವಾದವನು ಯಂಕಪ್ಪ. ಹೊಸಬರಿಗೆ ಒಂದು ಮಾತು ತಿಳಿದಿರಲಿ: ಹಂದಿಮಾಂಸವನ್ನು ಕುರಿಯ ಹಾಗೆ ಚರ್ಮ ಸುಲಿದು ಮಾರುವುದಿಲ್ಲ. ಕೊಳ್ಳುವವರಿಗೆ ಚರ್ಮ ಬೇಕು, ಅದರ ಮೇಲಿನ ಕೂದಲು ಬೇಡ. ಅದಕ್ಕಾಗಿ ಪ್ರಾಣ ಹೋದ ಹಂದಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿ, ಕೂದಲು ಸಡಿಲಾದೊಡನೆ ತಗಡಿನಿಂದ ಹೆರೆಯಬೇಕು. ನೀರು ತಣ್ಣಗಿದ್ದರೆ ಕೂದಲು ಬಿಡುವುದಿಲ್ಲ. ಹೆಚ್ಚು ಕಾದಿದ್ದರೆ ಚರ್ಮ ಬೆಂದು ಕೂದಲು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಈ ಹದದ ಅಧಿಪತಿ ಯಂಕಪ್ಪ. ಬೆರಳನ್ನು ನೀರಿನಲ್ಲಿ ಮೂರು ಸಲ ಬೇಗ ಬೇಗ ಅದ್ದಿ ತೆಗೆಯುತ್ತಿದ್ದ. ಮೂರನೆಯದನ್ನು ಬೆರಳು ತಡೆಯಬೇಕು, ನಾಲ್ಕನೆಯದಕ್ಕೆ ಮನಸ್ಸು ಒಪ್ಪಬಾರದು. ನಾನು ವಿಜ್ಞಾನದ ಪರವಾಗಿ ಒಂದು ಥರ್ಮಾಮೀಟರ್ ತಂದುಕೊಟ್ಟೆ. ಅವನು ಅದಕ್ಕೆ ಕೈಮುಗಿದು ಮೊಳೆಗೆ ತೂಗುಹಾಕಿದ. ಒಂದು ದಿನ ಅವನ ಬೆರಳಿಗೂ ನನ್ನ ಥರ್ಮಾಮೀಟರಿಗೂ ಭಿನ್ನಾಭಿಪ್ರಾಯ ಬಂತು. ವಿಚಾರಣೆ ನಡೆಸಿದಾಗ ಕೆಟ್ಟಿದ್ದದ್ದು ಥರ್ಮಾಮೀಟರ್.

ಘಟಕ ಶುರುವಾದಾಗ ಯಂಕಪ್ಪನಲ್ಲದೆ ಹನ್ನೆರಡು ಜನ ಕೆಲಸಗಾರರಿದ್ದರು. ದಿನಕ್ಕೆ ಮೂವತ್ತು ಹಂದಿ ಹೊರಬೀಳುತ್ತಿದ್ದವು. ಒಬ್ಬೊಬ್ಬರಾಗಿ ಬಿಡತೊಡಗಿದರು. ಕಷ್ಟದ ಕೆಲಸ ನಿಜ: ಒಂದು ಕಡೆ ಕುದಿಯುವ ನೀರು, ಇನ್ನೊಂದು ಕಡೆ ಹಿಮದ ಕೋಣೆ, ನಡುವೆ ಒದ್ದೆ ನೆಲ, ಕೈಯಲ್ಲಿ ಚಾಕು. ನಾಲ್ವರು ಬೆಂಗಳೂರಿನ ಕಡೆ ಕೋಳಿ ಕಂಪನಿಗೆ ಹೋದರು. ಇಬ್ಬರು ಎಟಿಎಂ ಕಾವಲಿಗೆ ಹೋದರು. ಅಲ್ಲಿ ಕುರ್ಚಿ ಕೊಡುತ್ತಾರೆ. ಹೊರರಾಜ್ಯದಿಂದ ಬಂದಿದ್ದ ಮೂವರು ಸುಗ್ಗಿಗೆಂದು ಊರಿಗೆ ಹೋದವರು ಅಲ್ಲೇ ಕೆಲಸ ಹಿಡಿದರು. ಇದೆಲ್ಲಕ್ಕಿಂತ ದೊಡ್ಡ ತೊಡಕು ಕನ್ಯೆಯದು. ಒಬ್ಬ ಹುಡುಗನಿಗೆ ಹೆಣ್ಣು ಕೇಳಲು ನಾನೇ ಹಿರಿಯನಾಗಿ ಹೋಗಿದ್ದೆ.

“ಹುಡುಗ ಏನ್ ಮಾಡ್ತಾನ್ರಿ?” ಎಂದರು ಹುಡುಗಿಯ ತಂದೆ.

“ಫುಡ್ ಕಂಪನ್ಯಾಗ ಅದಾನ್ರಿ,” ಎಂದೆ.

“ಯಾವ ಫುಡ್ರಿ?”

ಆ ಪ್ರಶ್ನೆಯ ಮುಂದೆ ಯಾವ ಸಂಬಂಧವೂ ನಿಲ್ಲುತ್ತಿರಲಿಲ್ಲ. ಚಾ ಕುಡಿಸಿ ಕಳಿಸಿದರು. ಆ ಹುಡುಗನೂ ಬಿಟ್ಟ. ಕೊನೆಗೆ ಉಳಿದವರು ಯಂಕಪ್ಪ ಮತ್ತು ಚಾಕು ಹಿಡಿಯುವ ಇಬ್ಬರು. ಮೂವತ್ತರ ಜಾಗದಲ್ಲಿ ದಿನಕ್ಕೆ ನಾಲ್ಕು ಹಂದಿಯಾದರೆ ಅದೇ ಹೆಚ್ಚು. ಮ್ಯಾನೇಜರು ಸಾಕಣೆದಾರರಿಗೆಲ್ಲ ಫೋನು ಮಾಡಿ “ಸ್ವಲ್ಪ ತಡೀರಿ” ಎಂದ.

ಭತ್ತವನ್ನು ಚೀಲದಲ್ಲಿಟ್ಟು ತಡೆಯಬಹುದು. ಹಂದಿ ಸರತಿಯಲ್ಲಿ ನಿಂತಾಗಲೂ ತಿನ್ನುತ್ತದೆ. ತೂಕ ಒಂದು ಮಿತಿ ದಾಟಿದರೆ ಬರೀ ಕೊಬ್ಬು; ಕೊಳ್ಳುವವರು ಮುಖ ತಿರುಗಿಸುತ್ತಾರೆ. ಕೋಣೆ ಇಕ್ಕಟ್ಟಾದರೆ ಒಂದರ ಬಾಲ ಒಂದು ಕಚ್ಚುತ್ತವೆ, ಗಾಯವಾಗುತ್ತದೆ, ಆಗ ನನ್ನ ಮುದ್ರೆಯೂ ಸಿಗುವುದಿಲ್ಲ. ಕೆಲಸಗಾರನೊಬ್ಬ ಗಂಗಾವತಿಯಲ್ಲಿ ಕೆಲಸ ಬಿಟ್ಟರೆ ಹನುಮಸಾಗರದಲ್ಲಿ ಹಂದಿಯ ಬಾಲ ಹೋಗುತ್ತದೆಂಬುದನ್ನು ನಾನು ಆ ತಿಂಗಳು ಕಲಿತೆ.

ದುರ್ಗವ್ವನ ಹತ್ತಿರ ಬೆಳೆದು ನಿಂತ ಐವತ್ತು ಹಂದಿಗಳಿದ್ದವು. ಮ್ಯಾನೇಜರು ಹುಡುಕಾಡಿ ಯಲಬುರ್ಗಾ ಕಡೆಯ ಸಂತೆಗಳಲ್ಲಿ ಕುರಿ ಕೊಯ್ಯುವ ಇಬ್ಬರು ಅಣ್ಣತಮ್ಮಂದಿರನ್ನು ಕರೆತಂದ. ಮೊದಲ ದಿನ ಅವರ ಕೈಗೆ ಹೋದದ್ದು ದುರ್ಗವ್ವನ ಎಂಟು ಹಂದಿ. ಯಂಕಪ್ಪ ಅಂದು ಜ್ವರ ಬಂದು ಮಲಗಿದ್ದ. ಆ ಅಣ್ಣತಮ್ಮಂದಿರ ಕೈಚಳಕ ನೋಡಿ ನಾನು ಬೆರಗಾದೆ. ಬಿಸಿನೀರಿಲ್ಲ, ಹೆರೆಯುವುದಿಲ್ಲ, ತೂಗುಹಾಕಿದರು, ಗೀರಿದರು, ಅಂಗಿ ಬಿಚ್ಚಿದ ಹಾಗೆ ಚರ್ಮ ಸುಲಿದಿಟ್ಟರು. ಒಂದು ಕೂದಲಿಲ್ಲ, ಒಂದು ಗೀರಿಲ್ಲ. ಮಾಂಸ ಆರೋಗ್ಯವಾಗಿತ್ತು. “ಭೇಷ್” ಎಂದು ಎಂಟಕ್ಕೂ ಮುದ್ರೆ ಒತ್ತಿದೆ. ಅಷ್ಟು ವರ್ಷ ಆ ಘಟಕದಲ್ಲಿ ನಿಂತವನಿಗೆ, ಚರ್ಮವಿಲ್ಲದ ಹಂದಿಯನ್ನು ಕೊಳ್ಳುವವರು ಯಾರೆಂಬ ಯೋಚನೆ ಬರಲೇ ಇಲ್ಲ. ಮಾಲು ಹೋದ ಗಾಡಿಯಲ್ಲೇ ವಾಪಸು ಬಂತು.

ಮರುದಿನ ಎದ್ದು ಬಂದ ಯಂಕಪ್ಪ, ತೂಗುಹಾಕಿದ್ದ ಎಂಟನ್ನೂ ಒಮ್ಮೆ ಸುತ್ತಿದ. “ಡಾಕ್ಟ್ರ, ಇವು ಹಂದಿನೋ ಕುರಿನೋ ಅಂತ ನಿಮ್ಮ ಮುದ್ರಿ ನೋಡಿ ತಿಳಕೊಳ್ಳಬೇಕೇನ್ರಿ?” ಎಂದ. ಅಣ್ಣತಮ್ಮಂದಿರು ತಮ್ಮ ಚಾಕು ಸುತ್ತಿಕೊಂಡು, ಇಂಥ ನಾಜೂಕಿನ ಕೆಲಸಕ್ಕೆ ಬೆಲೆ ಇಲ್ಲದ ಊರೆಂದು ಬೇಸರಿಸಿ ಹೊರಟರು.

ತಪ್ಪು ಒಪ್ಪಿಕೊಳ್ಳಲು ಸಿದ್ದಾಪುರಕ್ಕೆ ಹೋದೆ. ದುರ್ಗವ್ವ ಬಯ್ಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಆರು ತಾಯಿಹಂದಿಗಳಲ್ಲಿ ಮೂರು ಗಬ್ಬವಾಗಿದ್ದವು. “ಹೊಟ್ಟಿ ಮುಟ್ಟಿ ದಿನ ಹೇಳ್ರಿ,” ಎಂದಳು. ನೋಡಿದೆ. ಮುಂದಿನ ವಾರ ಮಂಗಳವಾರದ ಹೊತ್ತಿಗೆ ಮೊದಲನೆಯದು ಮರಿ ಹಾಕುವ ಲಕ್ಷಣವಿತ್ತು.

“ಮರಿ ಹಾಕಾಕ ಬ್ಯಾರೆ ಬ್ಯಾರೆ ಕ್ವಾಣಿ ಬೇಕ್ರಿ. ಎಲ್ಲಾ ಕ್ವಾಣ್ಯಾಗ ಈ ನಲವತ್ತೆರಡು ತುಂಬ್ಯಾವ. ಹಿಂಗ ಬಿಟ್ರ ಮರಿ ತುಳದು ಹಾಕ್ತಾವ.” ಅವಳು ಒಂದು ತಾಯಿಯ ಕಿವಿಯ ಹಿಂದೆ ತುರಿಸುತ್ತಿದ್ದಳು, ಅದು ಕಣ್ಣು ಮುಚ್ಚಿ ನಿಂತಿತ್ತು. “ಹೊರಗಿನ ವ್ಯಾಪಾರಿಗೆ ಫೋನ್ ಮಾಡಿದ್ದೆ. ಮುಂದಿನ ವಾರ ಸೋಮವಾರ ಲಾರಿ ಕಳಸ್ತಾನಂತ. ಆದ್ರ ಬರೀ ಕೊಬ್ಬಿದ್ದು ಒಯ್ಯಂಗಿಲ್ಲಂತ. ಆರೂ ತಾಯಂದಿರನ್ನ ಕೂಡ ಹಾಕ್ಕೊಡು ಅಂತಾನ.”

“ಕೊಟ್ಟರೆ?”

“ಕೊಟ್ರ ಮತ್ತ ನಾಟಿಗಿ ಹೋಗೂದು. ಈ ವಯಸ್ಸಿನ್ಯಾಗ ಸೊಂಟ ಬಗ್ಗಂಗಿಲ್ರಿ.”

ನಾನು ಜ್ಞಾನಿಯ ಧಾಟಿಯಲ್ಲಿ, ಎಲ್ಲೆಲ್ಲೂ ಆಳುಗಳ ಕೊರತೆಯಿದೆ, ಇದು ಇಡೀ ದೇಶದ ಸಮಸ್ಯೆ ಎಂದೆ. ದುರ್ಗವ್ವ ದೇಶದ ವಿಷಯ ಎತ್ತಲಿಲ್ಲ. “ನಾಟಿಗಿ ಆಳು ಸಿಗದಿದ್ರ ನಾವೇನ್ ಮಾಡ್ತಿದ್ವಿರಿ? ಮುಯ್ಯಾಳು ಮಾಡ್ತಿದ್ವಿ. ಇವತ್ತ ನಿಮ್ಮ ಹೊಲಕ್ಕ ನಾವು, ನಾಳಿ ನಮ್ಮ ಹೊಲಕ್ಕ ನೀವು. ಕೂಲಿ ಇಲ್ಲ, ಊಟ ಅಷ್ಟ. ಹಂದಿಗೂ ಹಂಗ ಮಾಡಿದ್ರ?”

“ಹಂದಿ ಹೆರೆಯೋದಕ್ಕ ಮುಯ್ಯಿನಾ?”

“ಯಾಕ್ರಿ, ಆಗಬಾರ್ದಂತ ಕಾಯ್ದೆ ಐತೇನು?”

ಮನೆಗೆ ಬಂದು ನೋಡಿದೆ. ಅಂಥ ಕಾಯ್ದೆ ಇರಲಿಲ್ಲ.

ಲಾರಿ ಬರುವುದಕ್ಕೆ ಒಂದು ವಾರ ಮೊದಲಿನ ಸೋಮವಾರ ಘಟಕದ ಅಂಗಳದಲ್ಲಿ ಹತ್ತು ಮನೆಯ ಸಾಕಣೆದಾರರು ಮುಯ್ಯಿಯ ಮಾತುಕತೆಗೆ ಸೇರಿದರು. ಎಲ್ಲರ ಕೋಣೆಗಳೂ ತುಂಬಿದ್ದವು, ಎಲ್ಲರಿಗೂ ತಮ್ಮದೇ ಮೊದಲಾಗಬೇಕಿತ್ತು. ಹನುಮಸಾಗರದ ಶರಣಪ್ಪ ಎದ್ದು ನಿಂತ. ಅವನು ಬೋಳುತಲೆಯ, ದೊಡ್ಡ ದನಿಯ ಮನುಷ್ಯ. “ನನ್ನವೂ ಬೆಳದು ಗ್ವಾಡಿ ಮುಟ್ಯಾವು. ನಿಂದ ಯಾಕ ಮೊದಲಬೇ ಅಕ್ಕಾ?”

“ನಿನ್ನವು ಬಸರಿಲ್ಲೋ ತಮ್ಮಾ,” ಎಂದಳು ದುರ್ಗವ್ವ.

ಶರಣಪ್ಪ ನನ್ನ ಕಡೆ ನೋಡಿದ. ಮಂಗಳವಾರದ ಲೆಕ್ಕವನ್ನು ನಾನು ಇಲಾಖೆಯ ಪರವಾಗಿ ದೃಢೀಕರಿಸಿದೆ. ಯಾರ ತಾಯಿಹಂದಿಗೆ ದಿನ ಹತ್ತಿರವೋ ಅವರ ಸರದಿ ಮೊದಲು ಎಂದು ತೀರ್ಮಾನವಾಯಿತು. ಇಷ್ಟು ನ್ಯಾಯವಾದ ಜ್ಯೇಷ್ಠತಾ ಪಟ್ಟಿಯನ್ನು ನಾನು ಸರಕಾರದಲ್ಲಿ ಕಂಡಿರಲಿಲ್ಲ.

ಹೆರೆಯಲು ಮುಂದೆ ಬಂದವರಲ್ಲಿ ಹೆಚ್ಚಿನವರು ಆ ಮನೆಗಳ ಹೆಣ್ಣುಮಕ್ಕಳು. ಯಂಕಪ್ಪ ಒಪ್ಪಲಿಲ್ಲ. “ಇದು ಹೆಣ್ಮಕ್ಕಳು ಮಾಡೂ ಕೆಲಸಲ್ಲ,” ಎಂದ.

“ನೀ ಬೆರಳು ಅದ್ದು ಮಾವಾ, ಹೆರಿಯೂದು ಇವರು ನೋಡ್ಕೋತಾರ,” ಎಂದಳು ದುರ್ಗವ್ವ. “ಭತ್ತದಾಗ ಕಳೆ ಯಾವುದು ಪೈರು ಯಾವುದು ಅಂತ ನೋಡಿ ಕೀಳೂ ಕೈ ಅವು. ಒಂದು ಕೂದಲು ಸಿಗಂಗಿಲ್ಲೇನು?”

ನನ್ನ ತಕರಾರು ಬೇರೆ. ಹತ್ತು ಮನೆಯ ಹಂದಿಯವರು ಒಂದೇ ಕಡೆ ಸೇರಿದರೆ ಒಂದು ಮನೆಯ ರೋಗ ಹತ್ತು ಮನೆಗೆ ಹೋಗುತ್ತದೆ. ಬರುವಾಗ ಸ್ನಾನ, ಹೋಗುವಾಗ ಸ್ನಾನ, ಒಳಗಿನ ಬಟ್ಟೆ ಒಳಗೇ, ಚಪ್ಪಲಿ ಗೇಟಿನ ಹೊರಗೆ ಎಂದು ವಿಧಿಸಿದೆ. ಗೊಣಗಿದರು, ಒಪ್ಪಿದರು. ದಿನಕ್ಕೆ ಎರಡು ಸ್ನಾನದ ಮುಯ್ಯಿ ಈ ಸೀಮೆಯಲ್ಲಿ ಅದೊಂದೇ ಇರಬೇಕು.

ಹೆರೆಯುವ ತಗಡುಗಳು ನಾಲ್ಕೇ ಇದ್ದವು, ಬೇಕಾದದ್ದು ಇಪ್ಪತ್ತು. ಗಂಗಾವತಿಯ ವೆಲ್ಡಿಂಗ್ ಅಂಗಡಿಯ ಇಮಾಮ್‌ಸಾಬರಿಗೆ ಹಳೆಯದೊಂದನ್ನು ಚೆನ್ನಾಗಿ ತೊಳೆದು, ಕಾಗದದಲ್ಲಿ ಸುತ್ತಿ, ಸಂಕೋಚದಿಂದಲೇ ತೋರಿಸಿದೆ. ಇದು ಯಾವುದಕ್ಕೆಂದು ಮೊದಲೇ ಹೇಳಿದೆ. ಅವರು ಮುಟ್ಟದೆ, ಕನ್ನಡಕ ಸರಿಮಾಡಿಕೊಂಡು ಸುತ್ತಲೂ ನೋಡಿದರು. “ಅಂಚು ಹಿಂಗ ಮೊಂಡಿದ್ರ ಪಾಪ ಮಂದಿ ಮೊಣಕೈ ಹೋಗ್ತಾವಲ್ರಿ ಡಾಕ್ಟರ್ ಸಾಬ್. ಹೊಸಾ ತಗಡಿನ್ಯಾಗ ಮಾಡ್ತೀನಿ. ಒಳಗ ಬರಂಗಿಲ್ಲ, ಗೇಟಿಗಿ ತಂದು ಕೊಡ್ತೀನಿ.” ಮರುದಿನ ಬೆಳಿಗ್ಗೆ ಹದಿನಾರು ತಗಡು ಗೇಟಿನಲ್ಲಿದ್ದವು. ಹಿಡಿಕೆಗೆ ಸೈಕಲ್ಲಿನ ಟ್ಯೂಬು ಸುತ್ತಿದ್ದರು, ಒದ್ದೆ ಕೈ ಜಾರಬಾರದೆಂದು.

ಮುಯ್ಯಿಯ ರೀತಿಯಲ್ಲಿ ಯಾರ ಹೊಲವೋ ಅವರು ಕೆಲಸ ಮಾಡುವುದಿಲ್ಲ, ಅಡುಗೆ ಮಾಡುತ್ತಾರೆ. ಇದರಿಂದ ಇನ್ನೊಂದು ಕಷ್ಟವೂ ತಪ್ಪಿತು: ತಾನು ಸಾಕಿದ್ದರ ಮೇಲೆ ತಾನೇ ಕೈಯಿಡುವ ಪ್ರಸಂಗ ಯಾರಿಗೂ ಬರಲಿಲ್ಲ. ಆ ಆರು ದಿನ ದುರ್ಗವ್ವ ಅಂಗಳದಾಚೆ ಒಲೆ ಹೂಡಿ ಕೂತಳು. ಅನ್ನ, ರೊಟ್ಟಿ, ಬದನೆಕಾಯಿ, ಪುಂಡಿಪಲ್ಯ. ಮಾಂಸದ ಅಡುಗೆ ಮಾಡಲಿಲ್ಲ. ಗಾಡಿಯಿಂದ ಅವಳ ಹಂದಿ ಇಳಿಯುವಾಗೆಲ್ಲ ಒಲೆಯ ಕಡೆ ತಿರುಗಿ ಊದುತ್ತಿದ್ದಳು, ಬೆಂಕಿ ಚೆನ್ನಾಗಿ ಉರಿಯುತ್ತಿದ್ದಾಗಲೂ.

ಮೊದಲ ದಿನ ಐದು ಹಂದಿ ಒಳಗೆ ಹೋದವು. ಎರಡಕ್ಕೆ ನಾನು ಮುದ್ರೆ ಒತ್ತಲಿಲ್ಲ. ಕಿವಿಯ ಹಿಂದೆ, ಗೊರಸಿನ ಸಂದಿಯಲ್ಲಿ ಕೂದಲಿದ್ದವು.

“ಇದಕ್ಕ ಕೂದಲಂತೀರೇನ್ರಿ?” ಶರಣಪ್ಪ ಸಿಟ್ಟಾದ. “ನನ್ನ ತಲಿ ಮ್ಯಾಲೆ ಇಷ್ಟಿದ್ರ ನಾ ಬೈತಲಿ ತಗೀತಿದ್ದೆ.”

ಆ ಎಂಟು ಹಂದಿಗಳ ನಂತರ ನನ್ನ ಮುದ್ರೆ ಅಗ್ಗದಲ್ಲಿ ಸಿಗುವ ಹಾಗಿರಲಿಲ್ಲ. ವಾಪಸು ಕಳಿಸಿದೆ. ಅವನೇ ಮತ್ತೆ ಹೆರೆದ, ಬಯ್ಯುತ್ತ. ಎರಡನೆಯ ದಿನ ಹೆಣ್ಣುಮಕ್ಕಳು ಗುಟ್ಟು ಹಿಡಿದರು: ತಲೆ ಕಾಲು ಬೇಗ ಆರುತ್ತವೆ, ಮೊದಲು ಅವನ್ನು ಮುಗಿಸಬೇಕು, ಬೆನ್ನು ಹೊಟ್ಟೆ ಆಮೇಲೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಯಂಕಪ್ಪ ತೊಟ್ಟಿಯ ಪಕ್ಕ ನಿಂತು ನೋಡುತ್ತಿದ್ದ. “ನನಗ ಇದು ತಿಳಿಯಾಕ ಎರಡು ವರ್ಷ ಹಿಡದಿತ್ತು,” ಎಂದ, ಯಾರಿಗೂ ಕೇಳದ ಹಾಗೆ. ನನಗೆ ಕೇಳಿಸಿತು. ಮೂರನೆಯ ದಿನ ಒಬ್ಬಾಕೆಯನ್ನು ಕರೆದು ನೀರಿಗೆ ಬೆರಳು ಅದ್ದಿಸಿದ. ಮೂರು ಸಲ ಅದ್ದಿ ಅವಳು, “ಇನ್ನೊಂದೀಟು ಉರಿ ಬೇಕ್ರಿ ಮಾವಾ,” ಎಂದಳು. ಯಂಕಪ್ಪ ತಾನೂ ಅದ್ದಿ ನೋಡಿ ಉರಿ ಹೆಚ್ಚಿಸಿದ. ನಾನು ಕಂಡ ಪದವಿ ಪ್ರದಾನ ಸಮಾರಂಭಗಳಲ್ಲಿ ಅದು ಅತ್ಯುತ್ತಮವಾದದ್ದು.

ಚಾಕು ಹಿಡಿಯುವವರು ಇಬ್ಬರೇ ಇದ್ದದ್ದರಿಂದ ದಿನಕ್ಕೆ ಎಂಟರ ಮೇಲೆ ಹೋಗಲಾಗಲಿಲ್ಲ. ಶನಿವಾರ ಸಂಜೆ ಇನ್ನೂ ಎಂಟು ಉಳಿದಿದ್ದವು. ಭಾನುವಾರ ಘಟಕಕ್ಕೆ ರಜೆ. ಮ್ಯಾನೇಜರು ಬೀಗದ ಕೈ ಯಂಕಪ್ಪನಿಗೆ ಕೊಟ್ಟು, ತನಗೆ ಏನೂ ಗೊತ್ತಿಲ್ಲವೆಂಬ ಮುಖ ಮಾಡಿದ. ನಾನೂ ರಜೆಯ ದಿನ ಮುದ್ರೆ ಹಿಡಿದು ಹೋದೆ. ಹೊತ್ತು ಇಳಿಯುವ ಮೊದಲು ನಲವತ್ತೆರಡನೆಯದಕ್ಕೂ ಮುದ್ರೆ ಬಿತ್ತು, ಚರ್ಮದ ಮೇಲೆ.

ಕೊರತೆ ನೀಗಿತೆಂದು ನಾನು ಹೇಳುತ್ತಿಲ್ಲ. ಘಟಕಕ್ಕೆ ಇವತ್ತಿಗೂ ಆಳು ಸಾಲುವುದಿಲ್ಲ, ಕನ್ಯೆಯ ತೊಡಕು ಹಾಗೆಯೇ ಇದೆ. ಮುಯ್ಯಿ ಮಾತ್ರ ನಡೆದಿದೆ. ದುರ್ಗವ್ವ ಶರಣಪ್ಪನ ಹಂದಿಗಳಿಗೆ ಹೋಗಿ ಮುಯ್ಯಿ ತೀರಿಸಿದಳು. ಅವನ ಊಟದಲ್ಲಿ ಉಪ್ಪು ಕಡಿಮೆಯಿತ್ತೆಂದು ಈಗಲೂ ಹೇಳುತ್ತಾಳೆ. ನೀವು ಈ ಕಡೆ ನೇಮಕವಾಗಿ ಬಂದರೆ ಯೋಜನೆಗಳ ಕಡತ ಬಿಚ್ಚುವ ಮೊದಲು ಒಂದು ದಿನ ಅಲ್ಲಿ ಹೋಗಿ ನಿಲ್ಲಿ. ಸ್ನಾನ ಮಾಡಿಕೊಂಡು ಹೋಗಿ.

ದುರ್ಗವ್ವನ ನಲವತ್ತೆರಡೂ ಮುಗಿದ ಮರುದಿನ, ಸೋಮವಾರ ಬೆಳಿಗ್ಗೆ, ಗಬ್ಬದ ಹಂದಿಗಳನ್ನು ನೋಡಲು ಸಿದ್ದಾಪುರಕ್ಕೆ ಹೋಗಿದ್ದೆ. ಖಾಲಿ ಕೋಣೆಗಳನ್ನು ತೊಳೆದು ಸುಣ್ಣ ಹೊಡೆದಿದ್ದರು. ಮೊದಲನೆಯ ತಾಯಿ ತನ್ನ ಕೋಣೆಯಲ್ಲಿ ಭತ್ತದ ಹುಲ್ಲನ್ನು ಬಾಯಲ್ಲಿ ಕಚ್ಚಿ ತಂದು ಮೂಲೆಗೆ ಹಾಕುತ್ತಿತ್ತು. ಮರಿ ಹಾಕುವ ಹೊತ್ತು ಹತ್ತಿರ ಬಂದಾಗ ಹಾಗೆ ಮಾಡುತ್ತವೆ. ಅಷ್ಟರಲ್ಲಿ ಲಾರಿ ಬಂತು. ವ್ಯಾಪಾರಿಗೆ ಫೋನು ಮಾಡಿ ಬೇಡವೆನ್ನುವುದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಲಾರಿಯವನು ಹಿಂಬಾಗಿಲು ಇಳಿಸಿ, ಹಲಗೆ ಹಾಕಿ, ಒಳಗೆ ಬಂದ.

“ಎಲ್ಲಿ ಅವ್ವಾ? ನಲವತ್ತೆಂಟು ಅಂತ ಹೇಳಿ ಕಳಸ್ಯಾರ.”

“ನಲವತ್ತೆರಡು ಹೋಗ್ಯಾವಪಾ.”

“ಹಂಗಾರ ಉಳದ ಆರನ್ನಾರ ಹಾಕ್ಕೊಡ್ರಿ. ಖಾಲಿ ಹ್ಯಾಂಗ ಹೋಗ್ಲಿ?”

ದುರ್ಗವ್ವ ಅವನನ್ನು ಮೂಲೆಯ ಕೋಣೆಯ ಹತ್ತಿರ ಕರೆದು, ಹುಲ್ಲು ಜೋಡಿಸುತ್ತಿದ್ದ ತಾಯಿಯನ್ನು ತೋರಿಸಿದಳು. “ಇಕಿ ಬಾಣಂತನಕ್ಕ ಅದಾಳ. ಉಳದವರೂ ಇಕಿ ತಂಗ್ಯಾರು, ಎಲ್ಲಾರ್ದೂ ಇದ ಮನಿ. ಇಂಥಾ ಹೊತ್ತಿನ್ಯಾಗ ಹೆಣ್ಮಗಳನ್ನ ಲಾರಿ ಹತ್ತಸ್ತಾರೇನು?”

ಲಾರಿಯವನು ನೋಡಿದ. ತಾಯಿ ಇನ್ನೊಂದು ಹಿಡಿ ಹುಲ್ಲು ತಂದು ಮೂಲೆಗೆ ಹಾಕಿ, ಮೂತಿಯಿಂದ ಒತ್ತಿ, ಸರಿಯಾಯಿತೇ ಎಂಬಂತೆ ನಿಂತಿತು.

“ಇಲ್ರಿ ಅವ್ವಾ, ಹತ್ತಸಂಗಿಲ್ಲ,” ಎಂದ. ಹಲಗೆ ಎತ್ತಿಟ್ಟ. ಹಿಂಬಾಗಿಲನ್ನು ದಡಾರೆನ್ನದ ಹಾಗೆ ಎರಡೂ ಕೈಯಿಂದ ಒತ್ತಿ ಮುಚ್ಚಿದ. ಕಾಲುವೆ ದಾರಿಯ ತಿರುವಿನವರೆಗೂ ಹಾರ್ನು ಮಾಡಲಿಲ್ಲ.